ಗುಜರಿಯಲ್ಲಿ ಸಿಕ್ಕ ಯೂನಿಕಾರ್ನ್: ಒಂದೇ ಸಮನೆ ಕೂಗುತ್ತಿದೆ, ಹೊಗೆಯೂ ಬಂತು

ಗುತ್ತಲು ಗೆಳೆಯ
ಮಂಡ್ಯದ ಸಮೀಪದ ಒಂದು ಪ್ರೌಢಶಾಲೆಯವರು ಕಳೆದ ವಾರ ಉಗ್ರಾಣ ಖಾಲಿ ಮಾಡಿದರು. ಮುರಿದ ಬೆಂಚು, ಕಾಲಿಲ್ಲದ ಭೂಗೋಳ, ಅದರಡಿಯಲ್ಲಿ ದಪ್ಪನೆಯ ಒಂದು ಕೀಬೋರ್ಡ್. ಗುಜರಿಯವನು ಅದನ್ನು ತಕ್ಕಡಿಗೆ ಇಡುವ ಹೊತ್ತಿಗೆ ಸರಿಯಾಗಿ ನಾನು ಅಲ್ಲಿದ್ದೆ. ನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ ತೂಗಿತು. ಪ್ಲಾಸ್ಟಿಕ್ಕಿನ ದರ ಹಾಕಬೇಕೋ ತಾಮ್ರದ ದರ ಹಾಕಬೇಕೋ ಎಂದು ಅವನು ಗೊಂದಲದಲ್ಲಿ ಬಿದ್ದ. ಕೊನೆಗೆ 200 ರೂಪಾಯಿಗೆ ವ್ಯಾಪಾರ ಮುಗಿಯಿತು.

ಮನೆಗೆ ತಂದು ಒರೆಸಿದರೆ ಎಸ್‌ಸಿಎಲ್ ಯೂನಿಕಾರ್ನ್ ಎಂಬ ಪಟ್ಟಿ ಕಾಣಿಸಿತು. ತಡೆಯಲಾಗಲಿಲ್ಲ, ಅಟ್ಟದ ಮೇಲಿದ್ದ ಹಳೆಯ ಟಿವಿಗೆ ಜೋಡಿಸಿ ಪ್ಲಗ್ ಹಾಕಿಯೇಬಿಟ್ಟೆ. ಶಂಖ ಊದಿದ ಹಾಗೆ ಒಂದೇ ಸಮನೆ ಶಬ್ದ. ಪರದೆಯಲ್ಲಿ ಅರ್ಥವಿಲ್ಲದ ಗೀರುಗಳು. ಹತ್ತು ನಿಮಿಷದ ನಂತರ ಹಿಂಭಾಗದಿಂದ ದಟ್ಟ ಬಿಳಿ ಹೊಗೆ. ವಿಚಿತ್ರವೆಂದರೆ ಹೊಗೆ ಬರುತ್ತಿದ್ದಾಗಲೂ ಶಂಖನಾದ ನಿಲ್ಲಲಿಲ್ಲ. ಹೆಂಡತಿ ಮೇನ್ ಸ್ವಿಚ್ ಆರಿಸಿದಳು. ಈಗ ನನ್ನ ಜೊತೆ ಮಾತನಾಡುತ್ತಿಲ್ಲ. ಇದು ಸತ್ತಿದೆಯೇ, ಬದುಕಿದೆಯೇ?

ಬೆಸುಗೆಕಡ್ಡಿ
ಮೊದಲು ಬೈಗುಳ: ನಲವತ್ತು ವರ್ಷದ ಯಂತ್ರವನ್ನು ತೆರೆದು ನೋಡದೆ ಪ್ಲಗ್ಗಿಗೆ ಹಾಕಬಾರದು. ಇನ್ನು ಸಮಾಧಾನ: ಹೊಗೆ ಬಂದದ್ದು ಬಹುತೇಕ ನಿರುಪದ್ರವಿ ಜಾಗದಿಂದ.

ನಿಮ್ಮ ಕೈಯಲ್ಲಿರುವುದು ಬರೀ ಕೀಬೋರ್ಡಲ್ಲ, ಅದರೊಳಗೇ ಅಡಗಿರುವ ಇಡೀ ಕಂಪ್ಯೂಟರ್, ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ತಂದದ್ದು. ನಮ್ಮಲ್ಲಿ ಅದನ್ನು ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಯೂನಿಕಾರ್ನ್ ಹೆಸರಿನಲ್ಲಿ ಜೋಡಿಸಿದರು. ಅದರ ಪವರ್ ಸಪ್ಲೈಯಲ್ಲಿ ಮೇನ್ಸ್ ತಂತಿಗಳ ನಡುವೆ ಹಳದಿ ಬಣ್ಣದ, ಗಾಜಿನಂತೆ ಹೊಳೆಯುವ ರೀಫಾ ಕೆಪಾಸಿಟರ್ ಇರುತ್ತದೆ. ಒಳಗಿರುವುದು ಲೋಹ ಲೇಪಿಸಿದ ಕಾಗದ. ವರ್ಷಗಳು ಕಳೆದಂತೆ ಹೊರಕವಚ ಬಿರುಕು ಬಿಟ್ಟು ಕಾಗದ ತೇವ ಹೀರಿಕೊಳ್ಳುತ್ತದೆ. ಕರೆಂಟು ಹರಿದ ಕೆಲವು ನಿಮಿಷಕ್ಕೆ ಢಂ. ಅದರ ಕೆಲಸ ವಿದ್ಯುತ್ ಸಾಲಿನ ಗದ್ದಲವನ್ನು ತಡೆಯುವುದಷ್ಟೇ. ಆದ್ದರಿಂದ ಅದು ಸುಟ್ಟರೂ ಯಂತ್ರ ನಡೆಯುತ್ತಲೇ ಇರುತ್ತದೆ. ಅದನ್ನು ತೆಗೆದು, ಮೇನ್ಸ್ ತಂತಿಗಳ ನಡುವೆ ಹಾಕಲೆಂದೇ ಇರುವ ಎಕ್ಸ್2 ದರ್ಜೆಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ಎಕ್ಸ್2 ಎಂದು ಬರೆದಿರಲೇಬೇಕು, ಅಂಗಡಿಯವನು "ಇದೂ ಅದೇ ಸಾರ್" ಎಂದು ಕೊಡುವುದನ್ನು ತರಬೇಡಿ.

ಶಂಖನಾದ ಬೇರೆಯದೇ ಕಾಯಿಲೆ. ಈ ಯಂತ್ರದ ಧ್ವನಿ ಚಿಪ್ ಕರೆಂಟು ಬಂದ ಕೂಡಲೇ ತಾನಾಗಿಯೇ ಕೂಗಲು ಶುರು ಮಾಡುತ್ತದೆ. ಪ್ರೊಸೆಸರ್ ಎದ್ದು "ಸಾಕು, ಬಾಯಿ ಮುಚ್ಚು" ಎಂದ ಮೇಲೆ ಸುಮ್ಮನಾಗಿ, ಒಂದು ಚುಟುಕು ಬೀಪ್ ಕೊಡುತ್ತದೆ. ನಿಮ್ಮಲ್ಲಿ ಹೇಳುವವನೇ ಎದ್ದಿಲ್ಲ.

ಮದ್ದೂರು ವಡೆ
ನಮ್ಮ ಮನೆಯಲ್ಲೂ ಅದೇ ಸಮಸ್ಯೆ. ಹೇಳುವವನು ಎದ್ದಿಲ್ಲ, ಕೂಗು ನಿಂತಿಲ್ಲ.

ಸುಮ್ಮನೆ ಕೇಳಿದೆ
ಒಂದು ಪ್ರಾಮಾಣಿಕ ಪ್ರಶ್ನೆ. ಇದರ ಮೆಮೊರಿ 32 ಕೆಬಿ. ನನ್ನ ಮಗಳು ಕಳುಹಿಸುವ ಶುಭೋದಯದ ಚಿತ್ರವೂ ಅದರಲ್ಲಿ ಹಿಡಿಯುವುದಿಲ್ಲ. ಇದೇ ಯಂತ್ರದ ನಕಲನ್ನು ಮೊಬೈಲಿನಲ್ಲೇ ಪುಕ್ಕಟೆಯಾಗಿ ಓಡಿಸಬಹುದು. ಹೊಗೆ ಕುಡಿದು, ಹೆಂಡತಿಯ ಮುನಿಸು ಕಟ್ಟಿಕೊಂಡು ಏನು ಸಾಧನೆ?

ಯೆಜ್ಡಿ ರೋಡ್‌ಕಿಂಗ್
ಇದೇ ಪ್ರಶ್ನೆಯನ್ನು ಮೈಸೂರಿನಲ್ಲಿ ನನ್ನ ಬೈಕಿನ ಬಗ್ಗೆ ಕೇಳಿ ನೋಡಿ, ಯಾದವಗಿರಿ ದಾಟುವುದರೊಳಗೆ ಉತ್ತರ ಸಿಗುತ್ತದೆ. ಅಲ್ಲಿ ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಮುಚ್ಚಿದ್ದು 1996ರಲ್ಲಿ. ಇಂದಿಗೂ ನಾವು ಮೂರು ಗಾಡಿ ಬಿಚ್ಚಿ ಎರಡು ಓಡಿಸುತ್ತಿದ್ದೇವೆ. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಆಗುತ್ತದೆ ಎಂಬುದನ್ನು ಹೊಸ ಹುಡುಗರಿಗೆ ತೋರಿಸಿದಾಗ ಅವರ ಮುಖ ನೋಡಬೇಕು.

ಸುಮ್ಮನೆ ಕೇಳಿದೆ
ಬೈಕಿನ ಮೇಲೆ ಕುಳಿತು ಚಾಮುಂಡಿ ಬೆಟ್ಟಕ್ಕಾದರೂ ಹೋಗಬಹುದು. ಇದರ ಮೇಲೆ ಕುಳಿತು ಎಲ್ಲಿಗೆ ಹೋಗುತ್ತೀರಿ?

ಪಿನ್ ನಂಬರ್ ಒಂದು
ಎಲ್ಲಿಗೆ ಎಂದರೆ, ನೀವು ಈ ಪ್ರಶ್ನೆ ಬರೆಯುತ್ತಿರುವ ಮೊಬೈಲಿನ ತವರುಮನೆಗೆ. ಅದರೊಳಗಿನ ಆರ್ಮ್ ಪ್ರೊಸೆಸರ್ ವಂಶ ಹುಟ್ಟಿದ್ದು ಇದೇ ಏಕಾರ್ನ್ ಕಂಪನಿಯಲ್ಲಿ. ಅದರ ಆಜ್ಞೆಗಳನ್ನು ಅಲ್ಲಿನ ವಿನ್ಯಾಸಕಿ ಸೋಫಿ ವಿಲ್ಸನ್ ಮೊದಲು ಅನುಕರಿಸಿ ನೋಡಿದ್ದು ಇದೇ ಯಂತ್ರದ ಪ್ರೋಗ್ರಾಂ ಭಾಷೆಯಾದ ಬಿಬಿಸಿ ಬೇಸಿಕ್‌ನಲ್ಲಿ. 1985ರ ಏಪ್ರಿಲ್‌ನಲ್ಲಿ ಮೊದಲ ಆರ್ಮ್ ಚಿಪ್ ಬಂದಾಗ ಅದನ್ನು ನಡೆಸಿ ನೋಡಿದ್ದೂ ಬಿಬಿಸಿ ಮೈಕ್ರೋಗೆ ಜೋಡಿಸಿಯೇ. 2 ಮೆಗಾಹರ್ಟ್ಸ್‌ನ ಅಜ್ಜಿ ಸಾಕಿದ ಮೊಮ್ಮಗುವಿನ ಕೈಯಲ್ಲಿ ಅಜ್ಜಿಯನ್ನೇ ಗೇಲಿ ಮಾಡಿಸುತ್ತಿದ್ದೀರಿ.

ಗುತ್ತಲು ಗೆಳೆಯರಿಗೆ: ರೀಫಾ ಬದಲಿಸಿದ ಮೇಲೆ ಮೊದಲು ಬೋರ್ಡಿನ ಮೇಲೆ 5 ವೋಲ್ಟ್ ಇದೆಯೇ ಅಳೆಯಿರಿ. ಪವರ್ ಸಪ್ಲೈಯ ಬಾಯಲ್ಲಲ್ಲ, ಪ್ರೊಸೆಸರ್ ಕಾಲಿನಲ್ಲಿ. ನಂತರ ಸಾಕೆಟ್ಟಿನಲ್ಲಿರುವ ಚಿಪ್ಪುಗಳನ್ನು ಒಂದೊಂದಾಗಿ ಮೆಲ್ಲಗೆ ಎಬ್ಬಿಸಿ, ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಮತ್ತೆ ಕೂರಿಸಿ. ಚಿಪ್ಪಿನ ಕಚ್ಚು ಯಾವ ಕಡೆಗಿದೆ ಎಂದು ಮೊದಲೇ ಫೋಟೊ ತೆಗೆದುಕೊಳ್ಳಿ. ಎಷ್ಟೋ ಬಿಬಿಸಿಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಬೆಸುಗೆಕಡ್ಡಿ
ಏಳದಿದ್ದರೆ ಪ್ರೊಸೆಸರ್ ಬದಲಿಸಿ. ಇದರಲ್ಲಿರುವ 6502 ಪ್ರೊಸೆಸರಿನ ಹೊಸ ರೂಪವಾದ 65ಸಿ02 ಇಂದಿಗೂ ಹೊಸದಾಗಿ ತಯಾರಾಗುತ್ತಿದೆ, ತರಿಸಿ ಹಾಕಿದರಾಯಿತು.

ಪಿನ್ ನಂಬರ್ ಒಂದು
ತಪ್ಪು. ಹಾಗೆಯೇ ಹಾಕಬಾರದು. ಹಳೆಯ 6502ರಲ್ಲಿ ಒಂದನೆಯ ಕಾಲು ಗ್ರೌಂಡ್. ಈಗ ತಯಾರಾಗುವ ಚಿಪ್ಪಿನಲ್ಲಿ ಅದೇ ಕಾಲು ಸಂಕೇತ ಹೊರಗೆ ಕಳುಹಿಸುತ್ತದೆ. ನೇರವಾಗಿ ಕೂರಿಸಿದರೆ ಅದನ್ನು ನೆಲಕ್ಕೆ ಕಟ್ಟಿಹಾಕಿದ ಹಾಗೆ. ಆ ಕಾಲನ್ನು ಸಾಕೆಟ್ಟಿನಿಂದ ಹೊರಗೆ ಬಾಗಿಸಬೇಕು. ನನ್ನ ಹೆಸರು ಸುಮ್ಮನೆ ಇಟ್ಟುಕೊಂಡದ್ದಲ್ಲ. ಒಂದು ಚಿಪ್ ಕಳೆದುಕೊಂಡ ಮೇಲೆ ಇಟ್ಟುಕೊಂಡದ್ದು.

ಬೆಸುಗೆಕಡ್ಡಿ
ಸರಿ, ಒಪ್ಪಿದೆ. ಆದರೂ "ತಪ್ಪು" ಎಂದು ಒಂದೇ ಪದದಲ್ಲಿ ಶುರು ಮಾಡುವ ನಿಮ್ಮ ಪದ್ಧತಿ ಇನ್ನೂ ಬದಲಾಗಿಲ್ಲ.

ನಿವೃತ್ತ ಮೇಡಂ
ಯೂನಿಕಾರ್ನ್ ಎಂಬ ಹೆಸರು ನೋಡಿ ಎದೆ ಝಲ್ ಎಂದಿತು. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆ ತಂದಿತು, ಶಾಲೆಗಳಿಗೆ ಕಂಪ್ಯೂಟರ್ ಸಾಕ್ಷರತೆ ಎಂದು. ಮೊದಲ ಸುತ್ತಿನಲ್ಲಿ ಇಡೀ ದೇಶಕ್ಕೆ 250 ಶಾಲೆಗಳು. ನಮ್ಮ ಶಾಲೆಗೆ ಬಂದದ್ದು ಕೆಲವು ವರ್ಷ ತಡವಾಗಿ. ನಾನು ಗಣಿತದ ಮೇಡಂ. "ಲೆಕ್ಕ ಮಾಡುವ ಯಂತ್ರ, ಆದ್ದರಿಂದ ನಿಮ್ಮದೇ ಜವಾಬ್ದಾರಿ" ಎಂದು ಮುಖ್ಯೋಪಾಧ್ಯಾಯರು ಬೀಗದ ಕೈ ಕೊಟ್ಟರು. ಕೋಣೆಗೆ ಹಸಿರು ಪರದೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಒಂದು ಯಂತ್ರಕ್ಕೆ ಆರು ಮಕ್ಕಳು. ಒಬ್ಬ ಒತ್ತುವುದು, ಐವರು ಅವನ ಬೆರಳು ನೋಡುವುದು. ಹೆಸರನ್ನು ಹತ್ತು ಸಲ ಬರೆಸುವ ಎರಡು ಸಾಲಿನ ಪ್ರೋಗ್ರಾಂ ಕಲಿಸಿದ ದಿನ ಒಬ್ಬ ಹುಡುಗ ಹತ್ತರ ಜಾಗದಲ್ಲಿ ಹತ್ತು ಸಾವಿರ ಹಾಕಿ, ಗಂಟೆ ಹೊಡೆದರೂ ಎದ್ದು ಬರಲಿಲ್ಲ. ತನ್ನ ಹೆಸರು ಓಡುವುದನ್ನು ನೋಡುತ್ತಾ ಕುಳಿತುಬಿಟ್ಟಿದ್ದ.

ಒಂದು ವಿಷಯ. ಪ್ರತಿ ವರ್ಷ ದಸರೆಯಲ್ಲಿ ನಾವು ಆ ಯಂತ್ರಗಳಿಗೂ ಆಯುಧಪೂಜೆ ಮಾಡುತ್ತಿದ್ದೆವು. ಅರಿಶಿನ, ಕುಂಕುಮ, ಅಕ್ಷತೆ, ಮೇಲೊಂದು ಸೇವಂತಿಗೆ. ನಿಮ್ಮ ಯಂತ್ರದ ಕೀಲಿಗಳ ಸಂದಿಯನ್ನು ಒಮ್ಮೆ ನೋಡಿ.

ಬೆಸುಗೆಕಡ್ಡಿ
ಮೇಡಂ, ನೆನಪು ಸೊಗಸಾಗಿದೆ. ಆದರೆ ಕೀಲಿಯ ಸಂದಿಯ ಕಸಕ್ಕೂ ಪ್ರೊಸೆಸರ್ ಏಳದಿರುವುದಕ್ಕೂ ಸಂಬಂಧವಿಲ್ಲ. ಕೀಲಿ ಅಂಟಿಕೊಂಡರೆ ಅಕ್ಷರ ಬರುವುದಿಲ್ಲ, ಅಷ್ಟೇ.

ಹಳೆಯ ಡಿಟಿಪಿ
ವಿಷಯಾಂತರಕ್ಕೆ ಕ್ಷಮಿಸಿ. ತೊಂಬತ್ತರ ದಶಕದಲ್ಲಿ ಧನ್ವಂತರಿ ರಸ್ತೆಯ ಕಡೆ ನನ್ನದೊಂದು ಪುಟ್ಟ ಅಕ್ಷರ ಜೋಡಣೆಯ ಮಳಿಗೆ ಇತ್ತು. ಪಿಎಚ್‌.ಡಿ. ಪ್ರಬಂಧಗಳೇ ಅನ್ನ. ಈಗ ಕಪಾಟಿನಲ್ಲಿ ನೂರಾರು ಫ್ಲಾಪಿಗಳಿವೆ, ಐದೂಕಾಲು ಇಂಚಿನವೂ ಸೇರಿ. ಅದರಲ್ಲಿ ಒಬ್ಬ ಹಿರಿಯರು ಸಂಗ್ರಹಿಸಿದ ಸೋಬಾನೆ ಹಾಡುಗಳಿವೆ. ಅವರು ಈಗಿಲ್ಲ, ಕೈಬರಹದ ಪ್ರತಿಯೂ ಇಲ್ಲ. ಫ್ಲಾಪಿಗಳ ಮೇಲೆ ಬಿಳಿಯ ಬೂಷ್ಟು ಹಿಡಿದಿದೆ. ಓದಿಸಬಹುದೇ?

ಪಿನ್ ನಂಬರ್ ಒಂದು
ಬೂಷ್ಟು ಹಿಡಿದ ಫ್ಲಾಪಿಯನ್ನು ಯಾವ ಕಾರಣಕ್ಕೂ ಡ್ರೈವಿಗೆ ಹಾಕಬೇಡಿ! ಬೂಷ್ಟು ಹೆಡ್ಡಿಗೆ ಮೆತ್ತಿ, ಹೆಡ್ಡು ತಟ್ಟೆಯನ್ನು ಕೆರೆದು, ಕಂದು ಲೇಪನದ ಜೊತೆ ಹಾಡೂ ಎದ್ದು ಹೋಗುತ್ತದೆ. ಹೊರಚೀಲದ ಒಂದು ಅಂಚನ್ನು ಕತ್ತರಿಸಿ, ತಟ್ಟೆಯನ್ನು ಹೊರಗೆಳೆದು, ಐಸೊಪ್ರೊಪೈಲ್ ಹಚ್ಚಿದ ನುಣುಪು ಬಟ್ಟೆಯಿಂದ ವೃತ್ತಾಕಾರದಲ್ಲಿ ಒರೆಸಿ. ಒಣಗಿದ ಮೇಲೆ ಖಾಲಿ ಚೀಲದೊಳಗೆ ಹಾಕಿ ಓದಿ. ಪ್ರತಿ ಫ್ಲಾಪಿಯ ನಂತರವೂ ಹೆಡ್ ಒರೆಸಬೇಕು.

ಇನ್ನೊಂದು: 360 ಕೆಬಿ ಫ್ಲಾಪಿಯನ್ನು 1.2 ಎಂಬಿ ಡ್ರೈವಿನಲ್ಲಿ ಓದಬಹುದು, ಬರೆಯಲು ಹೋಗಬೇಡಿ. ಅದರ ಹೆಡ್ಡು ಸಣ್ಣ. ಅಗಲವಾದ ಹಳೆಯ ಪಥದ ನಡುವೆ ಸಣ್ಣ ಗೆರೆ ಎಳೆದಂತಾಗಿ ಆಮೇಲೆ ಹಳೆಯ ಡ್ರೈವಿಗೂ ಅರ್ಥವಾಗುವುದಿಲ್ಲ. ಬರಹರಕ್ಷಣೆಯ ಕಚ್ಚಿಗೆ ಪಟ್ಟಿ ಅಂಟಿಸಿಬಿಡಿ.

ಹಳೆಯ ಡಿಟಿಪಿ
ಓದಿಸಿದ ಮೇಲೂ ಇನ್ನೊಂದು ಗಂಡಾಂತರವಿದೆಯಲ್ಲ. ಅಕ್ಷರಗಳು.

ಅಂಕಿತ ಬರಹ
ಅಲ್ಲಿಯೇ ನಿಜವಾದ ಕಗ್ಗಂಟು. ಭಾರತೀಯ ಭಾಷೆಗಳಿಗೆಂದು ಕಂಪ್ಯೂಟರಿಗೆ ಸೇರಿಸುತ್ತಿದ್ದ ಜಿಸ್ಟ್ ಕಾರ್ಡ್ ಹಾಕಿದ ಯಂತ್ರದಲ್ಲಿ ಬರೆದಿದ್ದರೆ ನೀವು ಅದೃಷ್ಟವಂತರು. ಅದು ಇಸ್ಕಿ ಸಂಕೇತ, 1991ರಲ್ಲಿ ಭಾರತೀಯ ಮಾನಕವಾದದ್ದು. "ಕ"ಗೆ ಒಂದು ಸಂಖ್ಯೆ, ಒತ್ತಿಗೆ ಹಲಂತ, ಎಲ್ಲವೂ ಕ್ರಮಬದ್ಧ. ಕನ್ನಡ, ತೆಲುಗು, ದೇವನಾಗರಿ ಮೂರಕ್ಕೂ ಒಂದೇ ಸಂಖ್ಯೆಗಳು. ಯೂನಿಕೋಡ್‌ಗೆ ತರಲು ಕಾಲೇಜು ಹುಡುಗನೂ ಒಂದು ಮಧ್ಯಾಹ್ನದಲ್ಲಿ ಪ್ರೋಗ್ರಾಂ ಬರೆದಾನು.

ಆದರೆ ಅಕ್ಷರಜೋಡಣೆಯ ತಂತ್ರಾಂಶಗಳಲ್ಲಿ ಫಾಂಟಿನ ಚೂರುಗಳನ್ನೇ ಉಳಿಸಿದ್ದರೆ? ತಲೆಕಟ್ಟು ಒಂದು ಸಂಖ್ಯೆ, ಕೊಂಬು ಇನ್ನೊಂದು, ದೀರ್ಘ ಮತ್ತೊಂದು, ಅದೂ ಒಂದೊಂದು ಕಂಪನಿಗೆ ಒಂದೊಂದು ರೀತಿ. ಆ ಫಾಂಟ್ ಇಲ್ಲದೆ ತೆರೆದರೆ ಸೋಬಾನೆ ಹಾಡು ಲ್ಯಾಟಿನ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತದೆ. ಅರ್ಕಾವತ್ತು ಎಲ್ಲಿ ಬರಬೇಕೆಂಬುದಕ್ಕೇ ಎರಡು ವಾರ ತಲೆ ಕೆಡಿಸಿಕೊಂಡಿದ್ದೇನೆ. ಒಂದು ಪುಟದ ಮುದ್ರಿತ ಪ್ರತಿ ಇದ್ದರೂ ಸಾಕು, ಅದನ್ನು ಎದುರಿಗಿಟ್ಟುಕೊಂಡು ಕೋಷ್ಟಕ ಬಿಡಿಸಬಹುದು.

ಹಳೆಯ ಡಿಟಿಪಿ
ಕರಡು ತಿದ್ದಿದ ಹಾಳೆಗಳು ಒಂದು ಟ್ರಂಕಿನಲ್ಲಿರಬೇಕು. ಹುಡುಕುತ್ತೇನೆ. ಜಿರಲೆ ಬಿಟ್ಟಿದ್ದರೆ.

ಸಕ್ಕರೆ ನಾಡು 386
ನನ್ನದೂ ಒಂದು ಸಮಸ್ಯೆ ಸೇರಿಸಿಕೊಳ್ಳಿ. ಹಳೆಯ 386 ಕಂಪ್ಯೂಟರಿನ ಬೋರ್ಡಿನ ಮೇಲೆ ಪೀಪಾಯಿ ಆಕಾರದ ನೀಲಿ ಬ್ಯಾಟರಿ ಸೋರಿ ಸುತ್ತಲೂ ಹಸಿರು ಪಾಚಿ ಕಟ್ಟಿದೆ. ಬ್ಯಾಟರಿ ಕತ್ತರಿಸಿ ತೆಗೆದೆ. ಸೋಡಾಪುಡಿ ಹಾಕಿ ಉಜ್ಜಲೇ?

ಯೆಜ್ಡಿ ರೋಡ್‌ಕಿಂಗ್
ಹೌದು, ಬೈಕಿನ ಬ್ಯಾಟರಿಗೂ ಸೋಡಾಪುಡಿಯೇ ಮದ್ದು.

ಬೆಸುಗೆಕಡ್ಡಿ
ಅಯ್ಯೋ, ಬೇಡ. ಬೈಕಿನ ಬ್ಯಾಟರಿಯಲ್ಲಿರುವುದು ಆಮ್ಲ. ಇದು ನಿಕ್ಕಲ್-ಕ್ಯಾಡ್ಮಿಯಂ, ಸೋರುವುದು ಕ್ಷಾರ. ಕ್ಷಾರಕ್ಕೆ ಸೋಡಾ ಹಾಕಿದರೆ ಏನು ಪ್ರಯೋಜನ? ವಿನೆಗರ್ ಹಚ್ಚಿ, ಇಲ್ಲವೇ ನಿಂಬೆರಸ. ಆಮೇಲೆ ನೀರು, ಆಮೇಲೆ ಆಲ್ಕೋಹಾಲ್. ಕೈಗವಸು ಹಾಕಿಕೊಳ್ಳಿ, ಕ್ಯಾಡ್ಮಿಯಂ ವಿಷ.

ಯೆಜ್ಡಿ ರೋಡ್‌ಕಿಂಗ್
ಇಬ್ಬರಲ್ಲಿ ಯಾರ ಮಾತು ನಂಬಬೇಕೆಂದು ಅವರಿಗೆ ಹೇಗೆ ತಿಳಿಯಬೇಕು?

ನಿವೃತ್ತ ಮೇಡಂ
ಅಡುಗೆಮನೆಗೆ ಹೋಗಬೇಕು. ಕಾಗದದ ಚೂರನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ತುಸು ಒದ್ದೆ ಮಾಡಿ ಆ ಪಾಚಿಗೆ ತಾಗಿಸಿ. ಕೆಂಪಾದರೆ ಕ್ಷಾರ. ಹಳದಿಯಾಗಿಯೇ ಉಳಿದರೆ ಅಲ್ಲ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುತ್ತಿದ್ದುದೂ ಇದೇ ರಸಾಯನಶಾಸ್ತ್ರ.

ಸಕ್ಕರೆ ನಾಡು 386
ಕೆಂಪಾಯಿತು! ರಕ್ತದ ಹಾಗೆ. ನಿಂಬೆರಸಕ್ಕೆ ನೊರೆ ನೊರೆ ಎದ್ದಿತು. ಎರಡು ತಾಮ್ರದ ಗೆರೆಗಳು ಕರಗಿಹೋಗಿವೆ, ತಂತಿ ಬೆಸೆಯಬೇಕು.

ಮದ್ದೂರು ವಡೆ
ಉಳಿದ ನಿಂಬೆರಸ ಮತ್ತು ಅರಿಶಿನಕ್ಕೆ ಒಗ್ಗರಣೆ ಹಾಕಿ ಅನ್ನ ಕಲಸಿಕೊಳ್ಳಿ. ಕ್ಯಾಡ್ಮಿಯಂ ತಾಗದ ಭಾಗ ಮಾತ್ರ.

ಗುತ್ತಲು ಗೆಳೆಯ
ಎರಡು ವಾರದ ವರದಿ. ರೀಫಾಗಳನ್ನು ಬದಲಿಸಿದೆ. ಮಂಡ್ಯದಲ್ಲಿ ಎಕ್ಸ್2 ಸಿಗಲಿಲ್ಲ, ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದ ಗೆಳೆಯನ ಕೈಯಲ್ಲಿ ತರಿಸಿದೆ. ಹೊಗೆ ನಿಂತಿತು. ಪ್ರೊಸೆಸರಿನ ಕಾಲಿನಲ್ಲಿ 4.97 ವೋಲ್ಟ್. ಎಲ್ಲ ಚಿಪ್ಪುಗಳನ್ನೂ ಎಬ್ಬಿಸಿ ಕೂರಿಸಿದೆ, ಎರಡು ಸಲ. ಶಂಖನಾದ ಮಾತ್ರ ಹಾಗೆಯೇ ಇದೆ. ಹೊಸ ಪ್ರೊಸೆಸರ್‌ಗೆ ಹಣ ಸುರಿಯಬೇಕೆ?

ನಿವೃತ್ತ ಮೇಡಂ
ಬಲಗಡೆ ಮೇಲಿನ ಮೂಲೆಯಲ್ಲಿರುವ ಬ್ರೇಕ್ ಕೀಲಿ ಒತ್ತಿದರೆ ಮೇಲೇಳುತ್ತದೆಯೇ? ಅದನ್ನು ಒತ್ತಿದರೆ ಯಂತ್ರ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ತುಂಟರು ಅದನ್ನು ಒತ್ತಿ ಪಕ್ಕದವರ ಪ್ರೋಗ್ರಾಂ ನಿಲ್ಲಿಸಿಬಿಡುತ್ತಿದ್ದರು. ಅದನ್ನು ಯಾರೋ ಒತ್ತಿಯೇ ಹಿಡಿದಿದ್ದರೆ ಯಂತ್ರ ಹೇಗೆ ಎದ್ದೀತು?

ಪಿನ್ ನಂಬರ್ ಒಂದು
...ಮೇಡಂ ಹೇಳುವುದು ಸರಿ. ಬ್ರೇಕ್ ಕೀಲಿ ಉಳಿದ ಕೀಲಿಗಳ ಹಾಗಲ್ಲ. ಅದು ನೇರವಾಗಿ ಪ್ರೊಸೆಸರಿನ ರೀಸೆಟ್ ತಂತಿಯನ್ನೇ ಎಳೆಯುತ್ತದೆ. ಒತ್ತಿದಂತೆಯೇ ನಿಂತಿದ್ದರೆ ಪ್ರೊಸೆಸರ್ ಏಳುವುದೇ ಇಲ್ಲ. ಧ್ವನಿ ಚಿಪ್ಪಿಗೆ ಬಾಯಿ ಮುಚ್ಚು ಎನ್ನುವವರೂ ಇರುವುದಿಲ್ಲ. ಇಷ್ಟು ಹೊತ್ತು ನಮಗೆ ಹೊಳೆಯಲಿಲ್ಲವಲ್ಲ!

ಗುತ್ತಲು ಗೆಳೆಯ
ಈಗಷ್ಟೇ ಮೇಲಿನ ಮುಚ್ಚಳ ತೆಗೆದು ಕೀಬೋರ್ಡ್ ಬಿಚ್ಚಿದೆ. "ಫಿಕ್ಸ್" ಎಂದು ಗುರುತಿರುವ 4 ತಿರುಪು, ಆಮೇಲೆ ಕೀಬೋರ್ಡಿನ ಎರಡು ಬೋಲ್ಟ್. ಬ್ರೇಕ್ ಕೀಲಿ ಉಳಿದವಕ್ಕಿಂತ ಕೂದಲೆಳೆಯಷ್ಟು ತಗ್ಗಿನಲ್ಲಿತ್ತು, ಕಣ್ಣಿಗೆ ಬೀಳುವಂತಿರಲಿಲ್ಲ. ಟೋಪಿ ಕಿತ್ತರೆ ಕೆಳಗೆ ಕುಂಕುಮ ಒಣಗಿ ಗಾರೆಯಂತೆ ಕಟ್ಟಿಕೊಂಡಿದೆ, ಅದರ ನಡುವೆ ಓರೆಯಾಗಿ ಸಿಕ್ಕಿಕೊಂಡ ಒಂದು ಅಕ್ಕಿ ಕಾಳು. ಅಕ್ಷತೆ. ಚಿಮಟದಿಂದ ತೆಗೆದೆ, ಆಲ್ಕೋಹಾಲಿನಲ್ಲಿ ತೊಳೆದೆ, ಕೀಲಿ ಟಪ್ಪೆಂದು ಮೇಲಕ್ಕೆ ಹಾರಿತು.

ಪ್ಲಗ್ ಹಾಕಿದೆ. ಬೂಊ... ಬೀಪ್.

ಬಿಬಿಸಿ ಕಂಪ್ಯೂಟರ್ 32ಕೆ. ಬೇಸಿಕ್. ಕೆಳಗೆ ಮಿನುಗುವ ಗೆರೆ. ಹೆಂಡತಿಯನ್ನು ಕೂಗಿ ಕರೆದೆ. ಬಂದು ನೋಡಿ, "ಇಷ್ಟೇನಾ?" ಎಂದಳು. ಅದು ಎರಡು ವಾರದಲ್ಲಿ ಅವಳು ಆಡಿದ ಮೊದಲ ಮಾತು.

ಬೆಸುಗೆಕಡ್ಡಿ
ಮೇಡಂ, ತಪ್ಪಾಯಿತು. "ಸಂಬಂಧವಿಲ್ಲ" ಎಂದು ಬರೆದ ನನ್ನ ಸಾಲನ್ನು ಅಳಿಸುವುದಿಲ್ಲ, ಎಲ್ಲರೂ ನೋಡಲಿ.

ನಿವೃತ್ತ ಮೇಡಂ
ಕಾಳು ಹಾಕಿದವರು ನಾವೇ ಅಲ್ಲವೇ, ಎಲ್ಲಿ ಬಿದ್ದಿರಬಹುದೆಂದು ನಮಗೇ ಗೊತ್ತಿರುತ್ತದೆ. ಪೂಜೆಯಾದ ಮೇಲೆ ಕೆಲವು ಯಂತ್ರಗಳು ಕೂಗುತ್ತಿದ್ದವು, ತಲೆಕೆಳಗು ಮಾಡಿ ಒದರಿದರೆ ಸರಿಯಾಗುತ್ತಿತ್ತು. ದುರಸ್ತಿಯವರಿಗೆ ಈ ಗುಟ್ಟು ಹೇಳಿರಲಿಲ್ಲ.

ಗುತ್ತಲು ಗೆಳೆಯ
ಇನ್ನೊಂದು ಪ್ರಶ್ನೆ ಉಳಿದಿದೆ. ಕವಚ ಹಳದಿಗಟ್ಟಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬಿಳಿಯಾಗುತ್ತದೆ ಎನ್ನುತ್ತಾರೆ. ಆದರೆ ಎಡಮೂಲೆಯಲ್ಲಿ ಮೂರು ಬೆರಳಿನ ಕುಂಕುಮದ ಗುರುತು ಪ್ಲಾಸ್ಟಿಕ್ಕಿಗೇ ಇಳಿದಿದೆ. ಅದೂ ಹೋಗುತ್ತದೆಯೇ?

ಪಿನ್ ನಂಬರ್ ಒಂದು
ಹೋಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಲೇಪನ ಒಂದೇ ಸಮನೆ ಇರದಿದ್ದರೆ ಚಿರತೆಯಂತೆ ಮಚ್ಚೆಯೂ ಬೀಳುತ್ತದೆ. ಪ್ಲಾಸ್ಟಿಕ್ ಹಾಳೆ ಸುತ್ತಿ, ಗಂಟೆಗೊಮ್ಮೆ ತಿರುಗಿಸಬೇಕು. ಕಾರ್ಖಾನೆಯಿಂದ ಬಂದ ಹಾಗೆ ಕಾಣಬೇಕೆಂದರೆ ಮಾಡಿ.

ಯೆಜ್ಡಿ ರೋಡ್‌ಕಿಂಗ್
ಮುಟ್ಟಬೇಡಿ. ನನ್ನ ಗಾಡಿಗೆ ಹೊಸ ಬಣ್ಣ ಹೊಡೆಸಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಅಪ್ಪ ಕೈಯಾರೆ ಬರೆದಿದ್ದ "ಶ್ರೀ" ಕಳೆದುಕೊಂಡೆ. ಈಗ ಗಾಡಿ ಮದುವೆಗೆ ಹೊರಟಂತಿದೆ, ಅಪ್ಪನ ಗಾಡಿಯಂತಿಲ್ಲ.

ಬೆಸುಗೆಕಡ್ಡಿ
ನಾನು ಒಪ್ಪುವುದಿಲ್ಲ. ಕುಂಕುಮದಲ್ಲಿ ಸುಣ್ಣವಿದ್ದರೆ ತೇವ ಎಳೆಯುತ್ತದೆ, ಒಳಗಂತೂ ಒಂದು ಕಣವೂ ಉಳಿಯಬಾರದು. ಹೊರಗಿನದು ನಿಮ್ಮಿಷ್ಟ.

ಸುಮ್ಮನೆ ಕೇಳಿದೆ
ಮೊಬೈಲಿನ ನಕಲು ಯಂತ್ರದಲ್ಲಿ ಅಕ್ಷತೆ ಸಿಕ್ಕಿಕೊಳ್ಳುವ ಸೌಲಭ್ಯವಿಲ್ಲ ಎಂಬುದನ್ನು ಒಪ್ಪುತ್ತೇನೆ. ಗುಜರಿಯವನ ಅಂಗಡಿ ಎಲ್ಲಿದೆ ಎಂದಿರಿ? ಸುಮ್ಮನೆ ಕೇಳಿದೆ.

ಗುತ್ತಲು ಗೆಳೆಯ
ಗುರುತನ್ನು ಹಾಗೆಯೇ ಬಿಟ್ಟೆ. ಕಾಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಯಂತ್ರದ ಪಕ್ಕದಲ್ಲೇ ಇಟ್ಟಿದ್ದೇನೆ. ಮೇಡಂ, ಒಂದು ಭಾನುವಾರ ಮಂಡ್ಯಕ್ಕೆ ಬನ್ನಿ. ನಿಮ್ಮ ಎರಡು ಸಾಲಿನ ಪ್ರೋಗ್ರಾಮನ್ನು ನೀವೇ ಟೈಪ್ ಮಾಡಬೇಕು.

ನಿವೃತ್ತ ಮೇಡಂ
ಬರುತ್ತೇನೆ. ಚಪ್ಪಲಿ ಹೊರಗೆ ಬಿಡುವ ವ್ಯವಸ್ಥೆ ಇರಲಿ.

ಪಿನ್ ನಂಬರ್ ಒಂದು
ಟಿವಿಗೆ ಆಂಟೆನಾ ತೂತಿನಿಂದಲೇ ಕೊಟ್ಟಿದ್ದೀರಾ? ಅಕ್ಷರ ಮಸುಕಾಗಿ ಕಾಣುತ್ತಿರಬೇಕು. ಪಕ್ಕದಲ್ಲಿ ಚಿತ್ರ ನೇರವಾಗಿ ಹೊರಬರುವ ಬಿಎನ್‌ಸಿ ಕನೆಕ್ಟರ್ ಬಳಸಿ. ಅದರಲ್ಲಿ ಕಪ್ಪುಬಿಳುಪು ಮಾತ್ರ ಬರುತ್ತದೆ. ಬಣ್ಣ ಬೇಕೆಂದರೆ ಬೋರ್ಡಿನ ಎಸ್39 ಜಾಗಕ್ಕೆ ಒಂದು ತೊಟ್ಟು ಬೆಸುಗೆ ಹಾಕಬೇಕು. ಮೇಡಂ ಬರುವ ಮೊದಲು ಮಾಡಿಡಿ.